ಹುಣಸೆಮರಕ್ಕೆ ಬರುವ ಬಾಣಂತಿಯರು

ಮಾಗಿಯ ಚಳಿ ಬಂತೆಂದರೆ ನಮ್ಮ ಕಡೆ ಮನೆ ಮನೆಯಲ್ಲೂ ಅವರೆಕಾಯಿಯ ಸೊಗಡು. ಭತ್ತದ ಕುಯ್ಲಿನ ಗಡಿಬಿಡಿಯೂ ತಗ್ಗುವ ಕಾಲ. ಮಕ್ಕಳನ್ನು ಒಂದು ಭಾನುವಾರ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು, ಆದರೆ ಖರ್ಚು ಕೈ ಮೀರಬಾರದು ಎನ್ನುವ ಗೃಹಿಣಿಯರಿಗೆ ನಾನು ಹೇಳುವುದಿಷ್ಟೇ: ಹಕ್ಕಿ ನೋಡಲು ಹೊರಡಿ!

ನಮ್ಮ ಯಲಿಯೂರು ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ, ರೈಲು ದಾರಿಯ ಮೇಲಿರುವ ಊರು. ಪಶ್ಚಿಮಕ್ಕೆ ಹೋದರೆ ರಂಗನತಿಟ್ಟು, ಪೂರ್ವಕ್ಕೆ ಹೋದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಎರಡಕ್ಕೂ ಬೆಳಿಗ್ಗೆ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.

ಅಷ್ಟು ದೂರವೂ ಬೇಡವೆಂದರೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಬಯಲಿಗೇ ಹೋಗಿ. ಬದುವಿನ ಮೇಲೆ ಬಾಲ ಕುಣಿಸುತ್ತಾ ಓಡಾಡುವ ಪುಟ್ಟ ಕುಂಡೆಕುಸ್ಕಗಳಲ್ಲಿ ಹಲವು ಉತ್ತರದ ಚಳಿ ಸೀಮೆಗಳಿಂದ ಬಂದ ಅತಿಥಿಗಳು. ದನದ ಕಾಲ ಬಳಿ ಹುಳ ಹೆಕ್ಕುವ ಬೆಳ್ಳಕ್ಕಿ ಮಾತ್ರ ವರ್ಷವಿಡೀ ನಮ್ಮದೇ.

ರಂಗನತಿಟ್ಟಿನ ವಿಷಯ ಎಲ್ಲರೂ ಕೇಳಿದ್ದೀರಿ. ಕಾವೇರಿಯ ನಡುಗಡ್ಡೆಗಳು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿತು. ಅಲ್ಲಿ ಹಕ್ಕಿಗೂ ನಮಗೂ ನಡುವೆ ಹೊಳೆಯಿದೆ, ಮೊಸಳೆಯಿದೆ, ಕಾವಲಿದೆ. ಕೊಕ್ಕರೆ ಬೆಳ್ಳೂರಿನಲ್ಲಿ ಇದಾವುದೂ ಇಲ್ಲ. ಹಕ್ಕಿ ಇರುವುದು ಊರೊಳಗೆ, ಮನೆಯ ಹಿತ್ತಿಲ ಹುಣಸೆಮರದಲ್ಲಿ!

ಅಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಹೆಜ್ಜಾರ್ಲೆ: ಬೂದು ಬಣ್ಣದ ದೊಡ್ಡ ಹಕ್ಕಿ, ಕೊಕ್ಕಿನ ಕೆಳಗೆ ಚೀಲ. ತಾಯಿ ಬಾಯಿ ತೆರೆದರೆ ಮರಿ ತಲೆಯನ್ನೇ ಒಳಗೆ ತೂರಿಸಿ ಮೀನು ತಿನ್ನುತ್ತದೆ. ಇನ್ನೊಂದು ಬಣ್ಣದ ಕೊಕ್ಕರೆ: ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ, ಸೀರೆಗೆ ಅಂಚು ಇಟ್ಟ ಹಾಗೆ. ಇವು ಪರದೇಶದಿಂದ ಬರುತ್ತವೆ ಅಂತ ಹೇಳುವವರುಂಟು. ಅಲ್ಲ ಕಣ್ರೀ, ಎರಡೂ ನಮ್ಮ ನಾಡಿನವೇ. ಚಳಿಗಾಲದಲ್ಲಿ ಬಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಬೆಳೆಸಿ, ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಅದಕ್ಕೇ ಊರಿನವರು ಇವನ್ನು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಅನ್ನುವುದು.

ಹೇಳಲು ಚೆನ್ನಾಗಿದೆ, ಆದರೆ ಬಾಣಂತನ ಸುಲಭವೇ? ಹುಣಸೆಹಣ್ಣು ಉದುರಿಸುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ. ಮರ ಬಡಿದರೆ ಗೂಡು ಬೀಳುತ್ತದೆ. ಬಡಿಯದಿದ್ದರೆ ವರ್ಷದ ಹಣ್ಣು ಹೋಗುತ್ತದೆ. ಒಂದು ಮಣ ಹುಣಸೆಹಣ್ಣಿನ ಬೆಲೆ ಏನೆಂದು ನಮಗೆ ಬೇರೆ ಯಾರೂ ಹೇಳಬೇಕಿಲ್ಲ. ಜೊತೆಗೆ ಅಂಗಳವೆಲ್ಲ ಹಿಕ್ಕೆ, ಮೀನಿನ ನಾತ, ಒಣಹಾಕಿದ ಬಟ್ಟೆಯ ಪಾಡು. ಇದನ್ನೆಲ್ಲ ದಿನವೂ ಗುಡಿಸಿ ಸಹಿಸುವವರು ಅಲ್ಲಿನ ಹೆಂಗಸರೇ. ಹಿಕ್ಕೆ ಒಳ್ಳೆಯ ಗೊಬ್ಬರ, ಹೊಲಕ್ಕೆ ಹಾಕುತ್ತಾರೆ, ಅದೊಂದು ಲಾಭ.

ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಹೊರಗಿನ ಜಗತ್ತಿಗೆ ಪರಿಚಯಿಸಿದರು. ಆಮೇಲೆ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂತು. 1990ರ ದಶಕದಲ್ಲಿ ಊರಿನವರೇ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಮೀನು ತಿನ್ನಿಸಿ ಸಾಕಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಆದರೆ ಪರಿಹಾರದ ದುಡ್ಡು ಬರುವುದಕ್ಕೆ ಮೊದಲೂ ಮರವಿತ್ತು, ಹಕ್ಕಿಯಿತ್ತು, ಬಡಿಯದೆ ಬಿಟ್ಟ ಕೈಗಳಿದ್ದವು. ಅದನ್ನು ಮರೆಯಬಾರದು.

ಊರೊಂದು ಕಾಪಾಡಿದರೆ ಮಾತ್ರ ಸಾಲದು. ಹಕ್ಕಿಗಳ ಊಟ ಶಿಂಷಾ ಹೊಳೆ ಮತ್ತು ಸುತ್ತಲಿನ ಕೆರೆಗಳ ಮೀನು. 2017ರ ಕೊನೆಯಿಂದ 2018ರವರೆಗೆ ಹತ್ತಾರು ಹೆಜ್ಜಾರ್ಲೆಗಳು ಇಲ್ಲಿ ಸತ್ತು ಬಿದ್ದವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳ ಕಂಡಿತು, ಮೀನಿನ ಮೂಲಕ ಸೇರುವಂಥದ್ದು. ತವರಿನಲ್ಲಿ ಎಷ್ಟು ಅಕ್ಕರೆಯಿದ್ದರೇನು, ಉಣ್ಣುವ ತಟ್ಟೆಯೇ ಕೆಟ್ಟರೆ? ನಮ್ಮ ಊರಿನ ಕೆರೆಗೆ ಕಸದ ಚೀಲ ಎಸೆಯುವಾಗ ಈ ಮಾತು ನೆನಪಿರಲಿ.

ಹೋಗುವವರಿಗೆ ನಾಲ್ಕು ಮಾತು. ಫೆಬ್ರುವರಿ, ಮಾರ್ಚಿಯಲ್ಲಿ ಹೋದರೆ ಹೆಜ್ಜಾರ್ಲೆ, ಕೊಕ್ಕರೆ ಎರಡೂ ಸಿಗುತ್ತವೆ. ಯಲಿಯೂರಿನಿಂದ ರೈಲಿನಲ್ಲಿ ಮದ್ದೂರಿಗೆ ಹೋಗಿ, ಅಲ್ಲಿಂದ ಬಸ್ಸೋ ಆಟೋವೋ ಹಿಡಿಯಿರಿ. ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋಗಲು ಮಕ್ಕಳು ಒಪ್ಪುವುದಿಲ್ಲ, ಅದಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ಬುತ್ತಿಗೆ ಪುಳಿಯೋಗರೆ, ಮೊಸರನ್ನ ಸಾಕು. ಎಲೆ, ಕಾಗದ ವಾಪಸು ಚೀಲಕ್ಕೇ ಹಾಕಿಕೊಳ್ಳಿ. ತಲೆಗೊಂದು ಟೋಪಿಯೋ ಸೆರಗೋ ಇರಲಿ, ಮರದ ಕೆಳಗೆ ನಿಂತವರಿಗೆ ಪ್ರಸಾದ ಬೀಳುವುದುಂಟು! ಮಕ್ಕಳು ಕಲ್ಲೆಸೆಯದಂತೆ, ಕೂಗದಂತೆ ನೋಡಿಕೊಳ್ಳಿ. ಹಿತ್ತಿಲಿಗೆ ಕಾಲಿಡುವ ಮುನ್ನ ಮನೆಯಾಕೆಯನ್ನು ಕೇಳಿ. ಅದು ತೋಟವಲ್ಲ, ಬಾಣಂತಿ ಇರುವ ಮನೆ. ಸದ್ದಿಲ್ಲದೆ ಹೋಗಿ, ನೋಡಿ, ಆ ತಾಯಂದಿರ ಜೊತೆ ಎರಡು ಮಾತಾಡಿ ಬನ್ನಿ.