ಗ್ರನಾಡಾದಲ್ಲಿ ಒಂದು ತಟ್ಟೆ ಬದನೆಕಾಯಿ

"ನಿನ್ನೆ ಸಂಜೆ ಬಾರಿಗೆ ಹೋಗಿದ್ದೆವು" ಎಂದು ಊರಿಗೆ ಫೋನ್ ಮಾಡಿ ಹೇಳಿದ ದಿನ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಮೆಲ್ಲಗೆ, "ಇಬ್ಬರೂ ಹೋಗಿದ್ರಾ?" ಎಂದು ಕೇಳಿದರು.

ಹೌದು, ಇಬ್ಬರೂ ಹೋಗಿದ್ದೆವು. ಅಲ್ಲಿ ನಮ್ಮ ಪಕ್ಕದ ಟೇಬಲ್ಲಿನಲ್ಲಿ ಎಂಬತ್ತು ದಾಟಿದ ಮೂವರು ಅಜ್ಜಿಯರು ಕೂತಿದ್ದರು. ಅವರ ಹಿಂದೆ ಒಬ್ಬ ತಾಯಿ ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಹರಟುತ್ತಿದ್ದಳು. ಸ್ಪೇನಿನಲ್ಲಿ ಬಾರ್ ಎಂದರೆ ಮುಖ ಮುಚ್ಚಿಕೊಂಡು ಹೋಗುವ ಜಾಗವಲ್ಲ. ಬೆಳಿಗ್ಗೆ ಕಾಫಿ, ಟೊಮೆಟೊ ಮತ್ತು ಆಲಿವ್ ಎಣ್ಣೆ ಸವರಿದ ಬ್ರೆಡ್ಡು ಸಿಗುವುದು ಅಲ್ಲೇ. ಸಂಜೆ ಊರಿನ ಸುದ್ದಿ ಸಿಗುವುದೂ ಅಲ್ಲೇ. ನಮ್ಮ ಊರಿನ ಅರಳಿಕಟ್ಟೆ ಮತ್ತು ಹೋಟೆಲು ಎರಡೂ ಸೇರಿದ ಹಾಗೆ.

ನಾವಿರುವುದು ದಕ್ಷಿಣ ಸ್ಪೇನಿನ ಗ್ರನಾಡಾ ಎಂಬ ಊರಿನಲ್ಲಿ. ಇಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಬಾರಿನಲ್ಲಿ ಏನಾದರೂ ಕುಡಿಯಲು ಹೇಳಿದರೆ ಜೊತೆಗೆ ಒಂದು ಸಣ್ಣ ತಟ್ಟೆ ತಿಂಡಿ ಪುಕ್ಕಟೆ. ಬಿಯರೇ ಆಗಬೇಕೆಂದಿಲ್ಲ, ನಾವು ಕುಡಿಯುವ ದ್ರಾಕ್ಷಿ ರಸಕ್ಕೂ ಕೊಡುತ್ತಾರೆ. ಇನ್ನೊಂದು ಲೋಟ ಹೇಳಿದರೆ ಇನ್ನೊಂದು ತಟ್ಟೆ, ಅದೂ ಬೇರೆ ತಿಂಡಿ. ಈ ತಟ್ಟೆಗೆ ತಾಪಾ ಎನ್ನುತ್ತಾರೆ, ಒಂದಕ್ಕಿಂತ ಹೆಚ್ಚಾದರೆ ತಾಪಾಸ್. ನಮ್ಮ ತಾಪಕ್ಕೂ ತಪಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ತಾಪಾ ಎಂದರೆ ಮುಚ್ಚಳ. ಹಿಂದೆ ನೊಣ ಬೀಳದ ಹಾಗೆ ಲೋಟದ ಮೇಲೆ ಬ್ರೆಡ್ಡಿನ ತುಂಡು ಮುಚ್ಚಿ ಕೊಡುತ್ತಿದ್ದರಂತೆ, ಅದರಿಂದ ಈ ಹೆಸರು ಬಂತು ಎಂದು ಕತೆ ಹೇಳುತ್ತಾರೆ.

ಮೊದಲ ತಿಂಗಳುಗಳಲ್ಲಿ ನಾವು ಪಟ್ಟ ಪಾಡು ಮಾತ್ರ ತಪಸ್ಸೇ. "ಮಾಂಸ ಬೇಡ" ಎಂದು ಕಲಿತ ಸ್ಪ್ಯಾನಿಷಿನಲ್ಲಿ ಹೇಳಿದರೆ ಹಂದಿಯ ಒಣ ತೊಡೆಮಾಂಸದ ತೆಳು ಹಾಳೆಗಳನ್ನು ತಂದಿಡುತ್ತಿದ್ದರು. ಅದು ಅವರ ಲೆಕ್ಕದಲ್ಲಿ ಮಾಂಸವಲ್ಲ, ಹಾಮೋನ್! ಅದೂ ಬೇಡ ಎಂದರೆ ಮೀನು. ಹಸಿವಾದ ಹೊತ್ತಿಗೆ ಊಟವೂ ಸಿಗುತ್ತಿರಲಿಲ್ಲ. ಇಲ್ಲಿ ಮಧ್ಯಾಹ್ನದ ಊಟ ಎರಡೂವರೆ ಮೂರಕ್ಕೆ, ರಾತ್ರಿಯದು ಒಂಬತ್ತೂವರೆ ಹತ್ತಕ್ಕೆ. ನಡುವೆ ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದು ಇವತ್ತಿಗೂ ಹಿಂದಕ್ಕೆ ಬಂದಿಲ್ಲ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಗೆ ಸೂರ್ಯ ಮುಳುಗುತ್ತಾನೆ!

ನಮ್ಮ ಮನೆಯ ಮೂಲೆಯಲ್ಲಿರುವ ಬಾರಿನ ಯಜಮಾನ ನಗುವ ಜಾತಿಯವನಲ್ಲ. ಗ್ರನಾಡಾದವರ ಒರಟುತನ ಸ್ಪೇನಿಗೆಲ್ಲ ಪ್ರಸಿದ್ಧ. "ಏನು ಬೇಕು?" ಎಂದು ಬೈಯುವ ಹಾಗೆ ಕೇಳುತ್ತಾನೆ. ನಾವು ಮೂರು ಸಲ ಹಾಮೋನ್ ವಾಪಸ್ ಕೊಟ್ಟ ಮೇಲೆ ನಾಲ್ಕನೆಯ ಸಲ ಏನೂ ಕೇಳದೆ ಒಂದು ತಟ್ಟೆ ತಂದು ಟೇಬಲ್ಲಿನ ಮೇಲೆ ಕುಕ್ಕಿ ಹೋದ. ಉದ್ದುದ್ದ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರಿದ ಬದನೆಕಾಯಿ. ಅದರ ಮೇಲೆ ಕಪ್ಪಗೆ, ಮಂದವಾಗಿ ಏನೋ ಸುರಿದಿತ್ತು. ಬೆರಳಿಗೆ ತಾಗಿಸಿ ನೆಕ್ಕಿದರೆ ಇಬ್ಬರಿಗೂ ಮಾತು ಹೊರಡಲಿಲ್ಲ. ಸಾಗರದ ಕಡೆಯ ನಮಗೆ ಅದನ್ನು ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ಜೋನಿ ಬೆಲ್ಲ!

ಇಲ್ಲಿ ಅದಕ್ಕೆ ಮಿಯೆಲ್ ದೆ ಕಾನ್ಯಾ, ಅಂದರೆ ಕಬ್ಬಿನ ಜೇನು ಎನ್ನುತ್ತಾರೆ. ಸುಮಾರು 800 ವರ್ಷ, 1492ರವರೆಗೆ, ಈ ಸೀಮೆಯಲ್ಲಿ ಮುಸ್ಲಿಮರ ಆಳ್ವಿಕೆ ಇತ್ತು. ಕಬ್ಬು ಬಂದದ್ದು ಅವರ ಜೊತೆಗೆ. ನಮ್ಮ ಸಕ್ಕರೆ ಹುಟ್ಟಿದ್ದು ಸಂಸ್ಕೃತದ ಶರ್ಕರದಿಂದ. ಅದೇ ಶರ್ಕರ ಅರಬ್ಬರ ಬಾಯಲ್ಲಿ ಸುಕ್ಕರ್ ಆಗಿ, ಇವರ ಬಾಯಲ್ಲಿ ಅಸೂಕಾರ್ ಆಯಿತು. ಗ್ರನಾಡಾದ ಕರಾವಳಿಯಲ್ಲಿ ನೂರಾರು ವರ್ಷ ಕಬ್ಬು ಬೆಳೆದರು. 2006ರಲ್ಲಿ ಅಲ್ಲಿನ ಕೊನೆಯ ಸಕ್ಕರೆ ಕಾರ್ಖಾನೆ ಮುಚ್ಚಿತು. ಪಕ್ಕದ ಮಾಲಗಾ ಜಿಲ್ಲೆಯ ಫ್ರಿಹಿಲಿಯಾನಾ ಎಂಬ ಹಳ್ಳಿಯಲ್ಲಿ ಮಾತ್ರ ಕಬ್ಬಿನ ಜೇನು ಕಾಯಿಸುವ ಕಾರ್ಖಾನೆ ಈಗಲೂ ಇದೆ.

ಅವತ್ತಿನಿಂದ ವಾರಕ್ಕೆ ಎರಡು ಸಂಜೆ ಅಲ್ಲಿಗೇ ಹೋಗತೊಡಗಿದೆವು.

ಹೀಗಿರುವಾಗ ಕಳೆದ ಜನವರಿಯ ಒಂದು ಬೆಳಗಿನ ಜಾವ ಎರಡು ಗಂಟೆಗೆ ಫೋನ್ ಬಂತು. ಊರಿನಲ್ಲಿ ಆಗ ಆರೂವರೆ. ಅಪ್ಪಯ್ಯ ಹೋಗಿಬಿಟ್ಟಿದ್ದರು. ನಮ್ಮಲ್ಲಿ ಒಬ್ಬರಿಗೆ ಅಪ್ಪಯ್ಯ, ಇನ್ನೊಬ್ಬರಿಗೆ ಮಾವ. ದುಃಖ ಇಬ್ಬರಿಗೂ ಒಂದೇ.

ಹೊರಡಲು ಆಗಲಿಲ್ಲ. ನಮ್ಮ ವಾಸದ ಕಾರ್ಡಿನ ಅವಧಿ ಮುಗಿದು ಹೊಸದಕ್ಕೆ ಅರ್ಜಿ ಹಾಕಿದ್ದೆವು. ಆ ಸಮಯದಲ್ಲಿ ದೇಶ ಬಿಟ್ಟರೆ ತಿರುಗಿ ಬರಲು ಬೇರೆ ಅನುಮತಿ ಪತ್ರ ಬೇಕು. ಅದಕ್ಕೆ ಆನ್‌ಲೈನಿನಲ್ಲಿ ದಿನ ಗೊತ್ತು ಮಾಡಿಸಿಕೊಳ್ಳಬೇಕು. ಎಷ್ಟು ಸಲ ಒತ್ತಿದರೂ "ದಿನ ಖಾಲಿ ಇಲ್ಲ" ಎಂದೇ ಬರುತ್ತಿತ್ತು. ಅಪ್ಪಯ್ಯನ ಕೊನೆಯ ಕೆಲಸವನ್ನು ಫೋನಿನಲ್ಲಿ ನೋಡಿದೆವು. ನಡುವೆ ನೆಟ್‌ವರ್ಕ್ ಹೋಯಿತು. ಬಂದಾಗ ಹೊಗೆ ಮಾತ್ರ ಕಾಣುತ್ತಿತ್ತು. ಯಾಕೆ ಇಲ್ಲಿಗೆ ಬಂದೆವು ಎಂದು ಆ ವಾರ ಎಷ್ಟು ಸಲ ಕೇಳಿಕೊಂಡೆವೋ. ಎಲ್ಲ ಬಿಟ್ಟು ಹೊರಟುಬಿಡೋಣ ಎಂದು ಪೆಟ್ಟಿಗೆಯನ್ನೂ ತೆಗೆದಿಟ್ಟಿದ್ದೆವು.

ಆರನೆಯ ದಿನ ಕೆಳಗಿನ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. "ಆ ಹುಡುಗರು ಯಾಕೆ ಬರುತ್ತಿಲ್ಲ ನೋಡಿ ಬನ್ನಿ ಎಂದ" ಎಂದರು. ಬಾರಿನ ಯಜಮಾನ ಕಳಿಸಿದ್ದು. ವಿಷಯ ಹೇಳಿದೆವು. ಅಜ್ಜಿ ಇಬ್ಬರ ಕೈಯನ್ನೂ ಹಿಡಿದು ಒಂದು ಮಾತು ಹೇಳಿದರು. ಸಾವಿನ ಮನೆಯಲ್ಲಿ ಇಲ್ಲಿ ಎಲ್ಲರೂ ಹೇಳುವ ಮಾತೇ ಅದು. ಅದರ ಅರ್ಥ ಇಷ್ಟು: ನಿಮ್ಮ ನೋವಿನಲ್ಲಿ ನಿಮ್ಮ ಜೊತೆ ಬರುತ್ತೇನೆ.

ತಟ್ಟೆಯಲ್ಲಿ ಅದೇ ಕರಿದ ಬದನೆಕಾಯಿ, ಮೇಲೆ ಅದೇ ಬೆಲ್ಲ. ಸೂತಕದಲ್ಲಿ ಕರಿದದ್ದೂ ಸಿಹಿಯೂ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಅಮ್ಮನಿಗೆ ಫೋನ್ ಮಾಡಿ ಕೇಳಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರಿದ ಮೇಲೆ ಚೆನ್ನಾಗಿರಲ್ಲ, ತಿನ್ನಿ. ತಂದುಕೊಟ್ಟವರು ಬೇಜಾರು ಮಾಡ್ಕೋಬಾರದು" ಎಂದರು. ಆರು ದಿನದಲ್ಲಿ ಮೊದಲ ಸಲ ಇಬ್ಬರೂ ಹೊಟ್ಟೆ ತುಂಬ ತಿಂದೆವು.

ಮೂರನೆಯ ವಾರ ಅನುಮತಿ ಪತ್ರ ಸಿಕ್ಕಿತು. ಮೊದಲ ಮಾಸಿಕಕ್ಕೆ ಊರು ಮುಟ್ಟಿದೆವು. ಕಬ್ಬಿನ ಜೇನಿನ ಒಂದು ಬಾಟಲಿ ಜೊತೆಗೆ ಒಯ್ದಿದ್ದೆವು. ಅಮ್ಮ ದೋಸೆಗೆ ಹಚ್ಚಿಕೊಂಡು ತಿಂದು, "ಪಾಕ ಜಾಸ್ತಿ ಕಾದಿದೆ, ಸ್ವಲ್ಪ ಕಹಿ" ಎಂದರು. ಹೊರಡುವ ದಿನ ತಾವೇ ಒಂದು ಬಾಟಲಿ ಜೋನಿ ಬೆಲ್ಲ ಗಟ್ಟಿಯಾಗಿ ಕಟ್ಟಿ ಕೊಟ್ಟು, "ಆ ಬಾರಿನವನಿಗೆ ಕೊಡಿ" ಎಂದರು.

ತಂದು ಕೊಟ್ಟೆವು. ಯಜಮಾನ ಚಮಚದಲ್ಲಿ ರುಚಿ ನೋಡಿ, ಮುಖ ಗಂಟಿಕ್ಕಿ, "ನಮ್ಮದೇ ಚೆನ್ನಾಗಿದೆ" ಎಂದ. ಆದರೆ ಆ ಬಾಟಲಿಯನ್ನು ಬೇರೆ ಯಾರ ತಟ್ಟೆಗೂ ಸುರಿಯುತ್ತಿಲ್ಲ. ನಾವು ಹೋದ ದಿನ ಮಾತ್ರ ಕಪಾಟಿನಿಂದ ತೆಗೆಯುತ್ತಾನೆ.