ನಲವತ್ತು, ಐವತ್ತು, ಎಂಬತ್ತೈದು

ಶಾಸಕಾಂಗ ಕಾನೂನು ಮಾಡುತ್ತೆ, ಕಾರ್ಯಾಂಗ ಜಾರಿಗೆ ತರುತ್ತೆ, ನ್ಯಾಯಾಂಗ ನ್ಯಾಯ ಹೇಳುತ್ತೆ. ಪಿರಿಯಾಪಟ್ಟಣದ ಕಡೆಯ ನನ್ನ ಏಳನೇ ಕ್ಲಾಸಿನ ಮಕ್ಕಳು ಈ ಮೂರು ವಾಕ್ಯಗಳನ್ನು ಮಗ್ಗಿ ಥರ ಒಪ್ಪಿಸಿಬಿಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. "ಸರಿ, ಈ ಮೂರಕ್ಕೂ ಒಬ್ಬರಿಗೊಬ್ಬರು ಒಪ್ಪಿಗೆ ಆಗದಿದ್ರೆ?" ಅಂತ ಕೇಳಿ ನೋಡಿ, ಇಡೀ ಕ್ಲಾಸು ಗಪ್‌ಚುಪ್.

ಪುಸ್ತಕ ಹಿಡಿದುಕೊಂಡು ಎಷ್ಟು ಹೇಳಿದರೂ ಅಷ್ಟೇ. ವಿಧಾನಸೌಧದ ಎದುರಿಗೇ ಹೈಕೋರ್ಟು, ನಡುವೆ ಒಂದು ರಸ್ತೆ ಅಂದರೆ ಕಣ್ಣರಳಿಸುತ್ತಾರೆ. ಆದರೆ ಅದನ್ನು ನೋಡಿದವರು ಎಷ್ಟು ಜನ? ಅವರು ದಿನಾ ನೋಡೋದು ಬ್ಯಾರನ್ನು. ಗೊತ್ತಿಲ್ಲದವರಿಗೆ ಹೇಳ್ತೀನಿ, ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸೋ ಮನೆ. ನಮ್ಮ ತಾಲ್ಲೂಕು, ಹುಣಸೂರು, ಎಚ್.ಡಿ. ಕೋಟೆ ಕಡೆಯೆಲ್ಲ ವರ್ಜೀನಿಯಾ ತಂಬಾಕಿನದೇ ಬದುಕು. ಆಗಸ್ಟ್ ಹೊತ್ತಿಗೆ ಊರಿಗೂರೇ ಆ ವಾಸನೆ. ಕೊನೇ ಬೆಂಚಿನ ಹುಡುಗ ತೂಕಡಿಸ್ತಿದ್ದರೆ ನಾನು ಬೈಯಲ್ಲ. ರಾತ್ರಿಯೆಲ್ಲ ಅಪ್ಪನ ಜೊತೆ ಕೂತು ಬ್ಯಾರನ್‌ಗೆ ಸೌದೆ ಹಾಕಿ ಬಂದಿರುತ್ತಾನೆ.

ಹಾಗಾಗಿ ಈ ಸಲ ರಸ್ತೆ ಬದಿ ಬಿದ್ದಿದ್ದ ಒಂದು ಖಾಲಿ ಸಿಗರೇಟು ಪ್ಯಾಕನ್ನೇ ಎತ್ತಿಕೊಂಡು ಹೋದೆ. ("ಸಾ ಸೇದ್ತಾರೆ" ಅಂತ ಸುದ್ದಿ ಹಬ್ಬಬಾರದು ನೋಡಿ, ಎಲ್ಲಿ ಸಿಕ್ಕಿತು ಅಂತ ಮೊದಲೇ ಹೇಳಿಬಿಟ್ಟೆ :) )

ಬೋರ್ಡಿನ ಮೇಲೆ ಹತ್ತು ಸೆಂಟಿಮೀಟರು ಎತ್ತರದ ಪ್ಯಾಕಿನ ಮುಂಭಾಗ ಬರೆದು ಕಥೆ ಶುರು ಮಾಡಿದೆ. 2003ರಲ್ಲಿ ಸಂಸತ್ತು ತಂಬಾಕು ನಿಯಂತ್ರಣ ಕಾನೂನು ಮಾಡಿತು. ಪ್ಯಾಕಿನ ಮೇಲೆ ಎಚ್ಚರಿಕೆ ಇರಬೇಕು ಅಂತ ಅದರಲ್ಲಿದೆ. ಎಷ್ಟು ದೊಡ್ಡದು ಅನ್ನೋ ನಿಯಮ ಬರೆಯೋದನ್ನು ಕೇಂದ್ರ ಸರ್ಕಾರಕ್ಕೆ ಬಿಟ್ಟಿತು. ಮೊದಲಿಗೆ ಮುಂಭಾಗದಲ್ಲಿ ಶೇಕಡಾ 40 ಇತ್ತು. ಒಬ್ಬ ಹುಡುಗಿ ಬಂದು ಸ್ಕೇಲಿಟ್ಟು ನಾಲ್ಕು ಸೆಂಟಿಮೀಟರಿಗೆ ಗೆರೆ ಎಳೆದಳು. 2014ರಲ್ಲಿ ಆರೋಗ್ಯ ಸಚಿವಾಲಯ ಅದನ್ನು 85 ಮಾಡಿ, ಎರಡೂ ಬದಿ ಇರಬೇಕು ಅಂತ ಹೊಸ ನಿಯಮ ಹೊರಡಿಸಿತು. ಎಂಟೂವರೆಗೆ ಇನ್ನೊಂದು ಗೆರೆ. ಅದು ಜಾರಿಯಾಗೋ ಮೊದಲು ಲೋಕಸಭೆಯ ಒಂದು ಸಮಿತಿ 50 ಸಾಕು ಅಂತ ಶಿಫಾರಸು ಮಾಡಿತು. ಐದಕ್ಕೆ ಮತ್ತೊಂದು ಗೆರೆ. ಸರ್ಕಾರ ಆ ಶಿಫಾರಸು ಒಪ್ಪದೆ 2016ರ ಏಪ್ರಿಲ್ 1ರಿಂದ 85ನ್ನೇ ಜಾರಿಗೆ ತಂತು.

ಕಂಪನಿಗಳು ಕೋರ್ಟಿಗೆ ಹೋದವು. ಬೇರೆ ಬೇರೆ ರಾಜ್ಯಗಳಲ್ಲಿದ್ದ ಕೇಸುಗಳನ್ನೆಲ್ಲ ಸುಪ್ರೀಂ ಕೋರ್ಟು ನಮ್ಮ ಕರ್ನಾಟಕ ಹೈಕೋರ್ಟಿಗೇ ವರ್ಗಾಯಿಸಿತು. 2017ರ ಡಿಸೆಂಬರಿನಲ್ಲಿ ಹೈಕೋರ್ಟು 85ರ ನಿಯಮವನ್ನು ರದ್ದು ಮಾಡಿತು, ಮತ್ತೆ 40. ಒಂದು ತಿಂಗಳೂ ಆಗಿರಲಿಲ್ಲ, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಪುನಃ 85.

'ತಡೆಯಾಜ್ಞೆ' ಅಂದರೇನು ಅಂತ ವಿವರಿಸೋಕೆ ಹೊರಟರೆ, "ಸ್ಟೇ ಅಲ್ವಾ ಸಾ! ನಮ್ ದೊಡ್ಡಪ್ಪ ಜಮೀನಿಗೆ ತಂದವ್ರೆ" ಅಂದ ಒಬ್ಬ. ಅರ್ಧ ಕ್ಲಾಸಿಗೆ ಗೊತ್ತಿತ್ತು! ಸ್ಟೇ ಬಂದ ಮಾತ್ರಕ್ಕೆ ಕೇಸು ಗೆದ್ದ ಹಾಗಲ್ಲ ಅನ್ನೋದೂ ಅವರಿಗೆ ಗೊತ್ತು. ಪುಸ್ತಕ ಬರೆಯೋರು ಇವರ ಮನೆ ಜಗುಲಿಯಲ್ಲಿ ಒಂದು ವಾರ ಕೂತಿದ್ದರೆ ನ್ಯಾಯಾಂಗದ ಪಾಠ ಬೇರೆ ಥರ ಇರ್ತಿತ್ತೇನೋ.

ಅಲ್ಲಿಗೆ ಮೂರು ಗೆರೆ, ಮೂರು ಅಂಗ, ಪಾಠ ಚೆನ್ನಾಗಾಯ್ತು ಅಂದುಕೊಂಡೆ. ಆಗ ಆ ತೂಕಡಿಸೋ ಹುಡುಗ ಎದ್ದು ನಿಂತ.

"ಸಾ, ಬೆಳೆಯಕ್ಕೆ ಲೈಸೆನ್ಸ್ ಕೊಡೋದು ಯಾವ ಅಂಗ?"

ಕಾರ್ಯಾಂಗ ಅಂದೆ. 1975ರಲ್ಲಿ ಸಂಸತ್ತು ಮಾಡಿದ ಕಾನೂನಿನ ಪ್ರಕಾರ ಹುಟ್ಟಿದ್ದು ತಂಬಾಕು ಮಂಡಳಿ. ಅದು ವಾಣಿಜ್ಯ ಸಚಿವಾಲಯದ ಕೆಳಗೆ ಬರುತ್ತೆ.

"ಸೇದಿದ್ರೆ ಸಾಯ್ತೀರಾ ಅಂತ ಚಿತ್ರ ಹಾಕ್ಸೋದು?"

ಆರೋಗ್ಯ ಸಚಿವಾಲಯ. ಅದೂ ಕಾರ್ಯಾಂಗವೇ.

"ಹಂಗಾದ್ರೆ ಒಂದೇ ಅಂಗ ಎರಡೂ ಮಾಡ್ತದಾ ಸಾ?"

ಯಾರೂ ನಗಲಿಲ್ಲ. ಅವನು ತರಲೆ ಮಾಡೋಕೆ ಕೇಳಿದ್ದಲ್ಲ. ಅವನ ಪುಸ್ತಕ, ಸೈಕಲ್ ಸರ್ವೀಸು, ಅಕ್ಕನ ಕಾಲೇಜು ಫೀಸು ಎಲ್ಲ ಆ ಸೊಪ್ಪಿನ ದುಡ್ಡಲ್ಲೇ ಬರಬೇಕು. ಹೌದು ಅಂದೆ. ಮಂಡಳಿ ರೈತನ ಕಡೆ, ವ್ಯಾಪಾರದ ಕಡೆ ನೋಡುತ್ತೆ; ಇನ್ನೊಂದು ಇಲಾಖೆ ಸೇದೋನ ಕಡೆ ನೋಡುತ್ತೆ; ಇಬ್ಬರೂ ಒಂದೇ ಸಂಪುಟಕ್ಕೆ ಉತ್ತರ ಹೇಳಬೇಕು, ಆ ಸಂಪುಟ ಲೋಕಸಭೆಗೆ ಉತ್ತರ ಹೇಳಬೇಕು ಅಂದೆ. ಬೋರ್ಡಲ್ಲಿ 'ಕಾರ್ಯಾಂಗ' ಅಂತ ಬರೆದಿದ್ದ ಡಬ್ಬಿಯನ್ನು ನಡುವೆ ಗೀಟು ಹಾಕಿ ಎರಡು ಮಾಡಿದೆ. ಪುಸ್ತಕದಲ್ಲಿ ಆ ಗೀಟು ಇಲ್ಲ. ಹುಡುಗ ತನ್ನ ನೋಟ್ಸಿನಲ್ಲಿ ಹಾಕಿಕೊಂಡ.

ನಮ್ಮ ವಿಧಾನಮಂಡಲ 2024ರಲ್ಲಿ ಆ 2003ರ ಕಾನೂನಿಗೆ ತಿದ್ದುಪಡಿ ತಂದು, ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದು 2025ರಲ್ಲಿ. ಮುಂದಿನ ಪಾಠ ಕೇಂದ್ರ-ರಾಜ್ಯದ್ದು, ಅದಕ್ಕೆ ಇದನ್ನೇ ಇಟ್ಟುಕೊಂಡಿದ್ದೀನಿ. ಶಾಲೆಯಿಂದ ನೂರು ಗಜದೊಳಗೆ ಮಾರುವಂತಿಲ್ಲ ಅಂತ 2003ರ ಕಾನೂನು ಹೇಳಿದ್ದು ಕೇಳಿ ಮಕ್ಕಳು ಆಗಲೇ ಟೇಪು ಹಿಡಿದು ಗೇಟಿನಿಂದ ಅಳೆದು ಬಂದಿದ್ದಾರೆ. ಆ ಅಳತೆಯೊಳಗೆ ಅಂಗಡಿ ಒಂದೂ ಇಲ್ಲ. ಬ್ಯಾರನ್ ಎರಡಿವೆ.