ಕಪ್ಪೆಚಿಪ್ಪನ್ನು ಸಾಕುವುದು

ನಮ್ಮ ಕವಿಗಳು ಚಿಪ್ಪಿಗೆ ವಹಿಸಿದ ಉದ್ಯೋಗ ಒಂದೇ: ಸ್ವಾತಿಮಳೆಯ ಹನಿಗಾಗಿ ಬಾಯ್ದೆರೆದು ಕಾಯುವುದು. ಹನಿ ಬಿದ್ದು ಮುತ್ತಾಯಿತೆಂದರೆ ಮುತ್ತು ಅರಸನ ಕೊರಳಿಗೆ ಹೋಗುತ್ತದೆ, ಚಿಪ್ಪನ್ನು ಕೇಳುವವರಿಲ್ಲ. ಅದರೊಳಗೂ ಒಂದು ಜೀವವಿದೆ, ಆ ಜೀವಕ್ಕೂ ಹಸಿವೆಯಿದೆ ಎಂಬುದನ್ನು ತಿಳಿಯಬೇಕಾದರೆ ಕಾವ್ಯವನ್ನು ಬದಿಗಿಟ್ಟು, ಒಂದು ಕಪ್ಪೆಚಿಪ್ಪನ್ನು ಮನೆಯಲ್ಲಿಟ್ಟುಕೊಂಡು ನೋಡಬೇಕು.

ಈ ಯೋಗ ನನಗೆ ಒದಗಿದ್ದು ಹತ್ತು ವರ್ಷದ ಮಗಳ ದೆಸೆಯಿಂದ. ಸಿಂಧನೂರಿನ ನಮ್ಮ ಮನೆಯಲ್ಲಿ ಅವಳದೊಂದು ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕು ಪುಟ್ಟ ಮೀನು. ಹವಳದ ನಡುವೆ ನೀಲಿ ಹಸಿರು ತುಟಿಗಳನ್ನು ಅರಳಿಸಿ ಕುಳಿತ ಕಡಲಚಿಪ್ಪಿನ ಚಿತ್ರವೊಂದನ್ನು ತೋರಿಸಿ ಒಂದು ದಿನ, "ಅಪ್ಪಾ, ನಮ್ಮ ತೊಟ್ಟಿಗೆ ಇಂಥಾದೊಂದು ತರೋಣೇನು?" ಎಂದಳು.

ಅದರ ಹೆಸರು ಟ್ರೈಡಾಕ್ನಾ. ನಮ್ಮ ಲಕ್ಷದ್ವೀಪದ ಹವಳದಿಬ್ಬಗಳಲ್ಲಿಯೂ ಅದರ ಜಾತಿಗಳುಂಟು. ಆ ಕುಲದ ಹಿರಿಯಣ್ಣನಂತೂ ಮೀಟರಿಗೆ ಮಿಕ್ಕಿ ಬೆಳೆದು 200 ಕಿಲೋ ತೂಗುವುದುಂಟು. ಅದರ ತುಟಿಯಲ್ಲಿ ಕಣ್ಣಿಗೆ ಕಾಣದ ಪಾಚಿ ಒಕ್ಕಲಾಗಿದ್ದು, ಬಿಸಿಲಿನಿಂದ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ. ಸಾಕುವವರು ಹಗಲಿನಂಥ ದೀಪವನ್ನೂ, ಲೀಟರಿಗೆ 35 ಗ್ರಾಮಿನಷ್ಟು ಲವಣವನ್ನೂ, ಹಿತವಾದ ತಂಪನ್ನೂ ತಪ್ಪದೆ ಕಾಯ್ದುಕೊಳ್ಳಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಗೆ ಇದು ಸುಲಭದ ಮಾತಲ್ಲ. ಅದಕ್ಕಿಂತಲೂ ದೊಡ್ಡ ಅಡ್ಡಿ ಕಾಯಿದೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಟ್ರೈಡಾಕ್ನಾದ ಎರಡು ಜಾತಿಗಳು ಸೇರಿದವು. ಹುಲಿಯಿರುವ ಪಟ್ಟಿಯಲ್ಲೇ ಅವೂ ಇವೆ.

ಹುಲಿಯ ಸಾಲಿನಲ್ಲಿ ಚಿಪ್ಪೆಂದರೆ ಮಗಳಿಗೆ ಬೆರಗು. ಲಿಂಗಸುಗೂರಿನ ನೆಂಟರ ಮನೆಗೆ ಹೊರಟಾಗ ನಡುದಾರಿಯ ಮಸ್ಕಿಯಲ್ಲಿ ಇಳಿದು, ಅಶೋಕನ ಹೆಸರನ್ನು ಹೊತ್ತ ಬಂಡೆಯನ್ನು ತೋರಿಸಿ, ಇದೇನೂ ಹೊಸ ಮಾತಲ್ಲವೆಂದೆ. ಮಸ್ಕಿಯ ಶಾಸನದಲ್ಲಿ ಆ ಸಂಗತಿಯಿಲ್ಲ. ಆದರೆ ಅದೇ ಅರಸನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದುಂಟು. ಗಿಳಿ, ಬಾವಲಿ, ಆಮೆಗಳೊಡನೆ ಕೆಲವು ಮೀನುಗಳೂ ಅದರಲ್ಲಿವೆ. ಎಲ್ಲವನ್ನೂ ಕೇಳಿಕೊಂಡ ಮಗಳು, "ಹಂಗಾದ್ರ ನಮ್ಮ ಕಾಲುವ್ಯಾಗಿನ ಚಿಪ್ಪು?" ಎಂದಳು. ಅದಕ್ಕೆ ಅಂಥ ಅಡ್ಡಿಯಿರಲಿಲ್ಲ.

ಹೀಗೆ 2024ರ ಜನವರಿಯಲ್ಲೊಂದು ಸಂಜೆ ನಾವಿಬ್ಬರೂ ತುಂಗಭದ್ರಾ ಎಡದಂಡೆ ಕಾಲುವೆಯ ಬದಿಗೆ ಹೋದೆವು. ಬಲೆ ಕೊಡವುತ್ತಿದ್ದ ಮೀನುಗಾರನೊಬ್ಬ ಕೆಸರಿನ ಚಿಪ್ಪುಗಳನ್ನು ಮುಂದೆ ಸುರಿದು, "ಸರ, ಬಾಯಿ ತೆರೆದದ್ದನ್ನ ಮುಟ್ಟಿ ನೋಡ್ರಿ. ಮುಚ್ಚಿಕೊಂಡ್ರ ಜೀವ ಅದ, ಇಲ್ಲಾಂದ್ರ ಬಿಟ್ಟುಬಿಡ್ರಿ" ಎಂದ. ಕಡಲಚಿಪ್ಪನ್ನು ಆರಿಸುವ ಪರೀಕ್ಷೆಯೂ ಬಹುಮಟ್ಟಿಗೆ ಇದೇ. ಅದರ ತುಟಿಯಂಚಿನಲ್ಲಿ ನೂರಾರು ಕಿರುಗಣ್ಣುಗಳಿವೆ; ಕೈಯ ನೆರಳು ಬಿದ್ದೊಡನೆ ಮುದುಡಿಕೊಂಡರೆ ಆರೋಗ್ಯವಾಗಿದೆಯೆಂದು ಅರ್ಥ. ಅಂಚು ಒಡೆಯದ, ದುರ್ನಾತವಿಲ್ಲದ, ಮುಟ್ಟಿದೊಡನೆ ಬಿಗಿದುಕೊಂಡ ಒಂದನ್ನು ಮಗಳು ಆರಿಸಿದಳು.

ತೊಟ್ಟಿಯಲ್ಲಿ ನಾಲ್ಕು ಬೆರಳಿನಷ್ಟು ಮರಳು ಹಾಸಿದೆವು. ಅತಿಥಿಯು ತನ್ನ ಒಂದೇ ಪಾದದಿಂದ ಮರಳನ್ನು ಬಗೆದು, ಅರೆಮೈ ಹುದುಗಿಸಿ, ಎರಡು ಕಿರುದ್ವಾರಗಳನ್ನು ಮಾತ್ರ ಹೊರಗಿಟ್ಟಿತು. ಒಂದರಿಂದ ನೀರನ್ನು ಸೆಳೆದು, ಕಿವಿರುಗಳಲ್ಲಿ ಸೋಸಿ, ಆಹಾರವನ್ನುಳಿಸಿಕೊಂಡು ಇನ್ನೊಂದರಿಂದ ಬಿಡುವುದೇ ಅದರ ದಿನಚರಿ. ನಮ್ಮ ಕಣ್ಣಿಗೆ ಹಿತವಾದ ತಿಳಿನೀರು ಅದಕ್ಕೆ ಉಪವಾಸ. ಆದ್ದರಿಂದ ಮಾಳಿಗೆಯ ಬಿಸಿಲಿನಲ್ಲಿ ಒಂದು ಕೊಡ ನೀರನ್ನಿಟ್ಟು ಹಸುರುಗಟ್ಟಿಸಿ, ದಿನವೂ ಒಂದೊಂದು ಲೋಟ ಬಡಿಸತೊಡಗಿದೆವು. ಮೀನಿನ ಬೇನೆಗೆ ಹಾಕುವ ತಾಮ್ರದ ಔಷಧ ಚಿಪ್ಪಿಗೆ ವಿಷವಾದುದರಿಂದ ಅದನ್ನು ತೊಟ್ಟಿಯ ಬಳಿಗೆ ತರಲಿಲ್ಲ.

ಏಪ್ರಿಲಿನಲ್ಲಿ ಅದು ಬಾಯಿ ಮುಚ್ಚಿತು. ಒಂದು ದಿನವಲ್ಲ, ಎಂಟು ದಿನ. ನಾಯಿಯಾದರೆ ಕುಂಯ್ಗುಡುತ್ತದೆ, ಗಿಳಿಯಾದರೆ ಗರಿಯುದುರಿಸುತ್ತದೆ. ಚಿಪ್ಪಿಗೆ ಹಸಿವೆಯನ್ನು ಹೇಳಿಕೊಳ್ಳುವ ದಾರಿಯೇ ಇಲ್ಲ. ಒಳಗಿನ ಮೈ ಬಡವಾಗಿದ್ದರೂ ಹೊರಗಿನ ಮನೆ ಮೊದಲಿನಂತೆಯೇ ತೋರುತ್ತದೆ. "ಸತ್ತು ಕೊಳೆತ್ರ ಮೀನೂ ಉಳಿಯೂದಿಲ್ರೀ, ತೆಗೆದು ಒಗೀರಿ" ಎಂದಳು ಮಡದಿ. ಅದೂ ನ್ಯಾಯವೇ. ಮಗಳು ಒಪ್ಪಲಿಲ್ಲ. ಕೊನೆಗೆ ಅದನ್ನು ಬೇರೆಯ ಬೋಗುಣಿಗೆ ವರ್ಗಾಯಿಸಿ, ಹಸುರು ನೀರೆರೆದು, ತಂಪಾದ ಮೂಲೆಯಲ್ಲಿಟ್ಟೆವು. ಕಾಲುವೆಯೂ ಆಗ ಬರಿದು. ಅಲ್ಲಿ ಅದರ ಬಂಧುಬಳಗವೂ ಹೀಗೆಯೇ ಬಾಯಿ ಬಿಗಿದು ಕೆಸರಿನಲ್ಲಿ ಹೂತುಕೊಂಡಿರಬೇಕು. ಒಂಬತ್ತನೆಯ ಬೆಳಗ್ಗೆ ನೂಲಿನೆಳೆಯಷ್ಟು ಸಂದು ಕಾಣಿಸಿತು. ಮಗಳು ಯಾರನ್ನೂ ಕೂಗಲಿಲ್ಲ. ಉಸಿರು ಬಿಗಿಹಿಡಿದು ನೋಡುತ್ತ ನಿಂತಿದ್ದಳು.

ಜುಲೈಯಲ್ಲಿ ಕಾಲುವೆಗೆ ನೀರು ಬಂತು. ಅದನ್ನು ಮರಳಿ ಬಿಡುವ ಮಾತನ್ನು ನಾನೇ ತೆಗೆದೆ. ಚಿಪ್ಪಿನ ಮರಿಗಳು ಕೆಲವು ಕಾಲ ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಹಿಡಿದು ಬೆಳೆಯಬೇಕು. ತೊಟ್ಟಿಯ ಒಂಟಿ ಚಿಪ್ಪಿಗೆ ಸಂತಾನವೆಲ್ಲಿಯದು? ಒಂದು ಲೋಟದ ಊಟ ಎಷ್ಟು ದಿನ ಸಾಕಾದೀತು? ಮಗಳು ಮುಖ ಊದಿಸಿಕೊಂಡು ಸುಮ್ಮನಾದಳು.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಮರುದಿನ ಊರ ತುಂಬ ಒಂದೇ ಮಾತು: ನೀರೆಲ್ಲ ಹರಿದುಹೋದರೆ ಭತ್ತದ ಗತಿಯೇನು? ಮಗಳು ಮೆಲ್ಲನೆ ಕೇಳಿದಳು: "ಅಪ್ಪಾ, ಚಿಪ್ಪುಗಳ ಗತಿ?" ತನ್ನದೊಂದರ ಮಾತಲ್ಲ, ಕಾಲುವೆಯ ಅಷ್ಟೂ ಚಿಪ್ಪುಗಳ ಮಾತು. ವಾರದೊಳಗೆ ತಾತ್ಕಾಲಿಕ ಗೇಟು ಕೂತು ಊರು ಉಸಿರಾಡಿತು. ಮುಂದಿನ ಭಾನುವಾರ ಅವಳೇ ಬೋಗುಣಿಯನ್ನು ಹಿಡಿದು ಹೊರಟಳು. ಬದಿಯ ಕೆಸರಿನಲ್ಲಿ ಚಿಪ್ಪನ್ನು ಊರಿ, ಕೈ ತೊಳೆದುಕೊಂಡು ಬಂದಳು.

ಕನ್ನಡದಲ್ಲಿ 'ಸಾಕು' ಎಂದರೆ ಪೋಷಿಸು ಎಂದೂ ಅರ್ಥ, ಇನ್ನು ಬೇಡವೆಂದೂ ಅರ್ಥ. ತರಗತಿಯಲ್ಲಿ ಈ ಎರಡು ಅರ್ಥಗಳನ್ನು ಬೇರೆಬೇರೆಯಾಗಿಯೇ ಬರೆಯಿಸುತ್ತೇನೆ. ಆ ಹುಡುಗಿ ಎರಡನ್ನೂ ಒಂದೇ ಚಿಪ್ಪಿನಿಂದ ಕಲಿತಳು.